ಸಹಿ ಇಲ್ಲದವು

ಆಗಸ್ಟ್ 5, ಸೋಮವಾರ

ಮೊಮ್ಮಗಳು ಈ ಪುಸ್ತಕ ತಂದುಕೊಟ್ಟಳು. "ಅಜ್ಜಿ, ಗೋಡೆಗೆ ಬೈಬೇಡ. ಅದು ತಿರುಗಿ ಬೈಯಲ್ಲ ಅಂತ ನಿಂಗೆ ಸಿಟ್ಟು ಇನ್ನೂ ಏರುತ್ತೆ. ಇದರಲ್ಲಿ ಬರೆದು ಬೈ" ಎಂದಳು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಚಿಕ್ಕಂದಿನಲ್ಲೇ ಅವಳಿಗೆ ಕಡ್ಡಿ ಎಂದು ಹೆಸರಿಟ್ಟವಳು ನಾನು. ಮೈಯೂ ಹೆಸರಿಗೆ ತಕ್ಕ ಹಾಗೆ ಬೆಳೆಯಿತು.

ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ. ಒತ್ತಕ್ಷರ ಬಂದಲ್ಲಿ ಎಡವುತ್ತೇನೆ. ಮೆಟ್ಟಿಲು ಬಂದಲ್ಲೂ ಎಡವಿದೆ, ಅದಕ್ಕೇ ಇಲ್ಲಿದ್ದೇನೆ. ಬ್ರೆಡ್ಡಿನ ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ತಂಗಿಯ ಜೊತೆ ರಾಣಿಯಂತಿದ್ದವಳು, ಕಾಲಿನ ಮೂಳೆ ಮುರಿದುಕೊಂಡು, ಪ್ಲಾಸ್ಟರ್ ಸುತ್ತಿಸಿಕೊಂಡು, ಮಗಳ ಮನೆಗೆ ಸಾಮಾನಿನ ಮೂಟೆಯ ಹಾಗೆ ಬಂದಿಳಿದೆ. ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಕೆಳಗಿರುವುದು ಅಳಿಯನ ಕಾಗದದ ಕೋಣೆ ಒಂದೇ. ಅದರಲ್ಲಿ ನನ್ನ ಮಂಚ ಹಾಕಿದ್ದಾರೆ.

ಅಳಿಯ ಅಂಗಡಿಗಳ ತಕ್ಕಡಿ, ತೂಕದ ಕಲ್ಲು ತಪಾಸಣೆ ಮಾಡುವ ಸರಕಾರಿ ನೌಕರ. ನೌಕೆ ಹತ್ತದ ನೌಕರ. ದೋಣಿಯಲ್ಲಿ ಕೂತರೂ ವಾಂತಿ ಮಾಡಿಕೊಳ್ಳುತ್ತಾನೆಂದು ಮಗಳೇ ಹೇಳಿದ್ದಾಳೆ. ಅಂಥವನಿಗೆ ಹುಚ್ಚು ಯಾವುದು ನೋಡಿ: ಹಳೆಯ ಕಾಲದ ಯುದ್ಧದ ಹಡಗುಗಳ ಅಧಿಕಾರಿಗಳು ಬರೆದು ಸಹಿ ಹಾಕಿದ ಕಾಗದಗಳನ್ನು ಹುಡುಕಿ ತಂದು ಕಪಾಟು ತುಂಬುವುದು. ಕೆಲವರಿಗೆ ಕುಡಿತ, ಕೆಲವರಿಗೆ ಇಸ್ಪೀಟು, ಇವನಿಗೆ ಸತ್ತವರ ಸಹಿ. (ಎದುರಿಗೆ 'ನೀವು' ಎನ್ನುತ್ತೇನೆ. ಇಲ್ಲಿ ಅವನು. ಪುಸ್ತಕ ನನ್ನದು.)

ಕೋಣೆಗೆ ಕಾನೂನಿದೆ. ಕಿಟಕಿ ತೆರೆಯುವ ಹಾಗಿಲ್ಲ. ಎರಡು ಪದರದ ಪರದೆ ಸರಿಸುವ ಹಾಗಿಲ್ಲ, ಬೆಳಕು ಬಿದ್ದರೆ ಮಸಿ ಮಾಸುತ್ತದೆ. ನೀರಿನ ಲೋಟ ಬಾಗಿಲಾಚೆಯ ಸ್ಟೂಲಿನ ಮೇಲೆ, ಬಾಯಾರಿದರೆ ಕೂಗಬೇಕು. ತಲೆಗೆ ಎಣ್ಣೆ ಹಚ್ಚುವ ಹಾಗಿಲ್ಲ. ಪೆನ್ನು ಒಳಗೆ ತರುವ ಹಾಗಿಲ್ಲ, ಪೆನ್ಸಿಲ್ ಮಾತ್ರ. ಮಸಿಯನ್ನು ಕಾಯುವ ಕೋಣೆಯಲ್ಲಿ ಮಸಿಗೇ ಬಹಿಷ್ಕಾರ. ಮಂಚದ ಪಕ್ಕ ಒಂದು ಬಡಕಲು ದೀಪ, ಅದರ ಮುಖವೂ ಕಪಾಟಿನ ಕಡೆ ತಿರುಗಕೂಡದು.

ಜೈಲಿನಲ್ಲಾದರೂ ಕಿಟಕಿಗೆ ಸರಳಿರುತ್ತದೆ, ಸರಳುಗಳ ನಡುವೆ ಆಕಾಶ ಇರುತ್ತದೆ. ಪ್ಲಾಸ್ಟರ್ ತೆಗೆದ ದಿನವೇ ತಂಗಿಯ ಮನೆಗೆ ಹೊರಟೆ. ಬರೆದಿಟ್ಟಿದ್ದೇನೆ.

ಆಗಸ್ಟ್ 7, ಬುಧವಾರ

ಗೋಡೆಯ ಮೇಲೆ ಗಡಿಯಾರದಂಥದ್ದೊಂದಿದೆ. ನಾನು ಎರಡು ದಿನ ಅದನ್ನು ನೋಡಿ ಹೊತ್ತು ಗೊತ್ತಾಗುತ್ತಿಲ್ಲವಲ್ಲ ಎಂದು ಒದ್ದಾಡಿದೆ. ಅದು ಗಾಳಿಯಲ್ಲಿನ ತೇವ ಅಳೆಯುವ ಯಂತ್ರವಂತೆ. ಅಳಿಯ ಬೆಳಿಗ್ಗೆ ಬಂದವನು ಮೊದಲು ಅದರ ಮುಳ್ಳು ನೋಡುತ್ತಾನೆ, ಆಮೇಲೆ ನನ್ನನ್ನು.

"ಇವತ್ತು ತೇವ ಜಾಸ್ತಿ ಇದೆ ಅತ್ತೆ. ಉಸಿರಿನಿಂದಲೂ ಬರುತ್ತೆ ಅದು."

"ಹಾಗಾದ್ರೆ ಉಸಿರಾಡೋದು ಬಿಟ್ಟುಬಿಡ್ಲಾ?"

"ಹಾಗಲ್ಲ ಅತ್ತೆ. ಬಾಯಿ ಮುಚ್ಚಿಕೊಂಡು ಮಲಗಿದ್ರೆ ಸಾಕು."

ನನಗೆ ಬಾಯಿ ಮುಚ್ಚಿಕೊಂಡಿರಲು ಹೇಳುವ ಧೈರ್ಯ ನನ್ನ ಗಂಡನಿಗೂ ಇರಲಿಲ್ಲ. ಇವನು ಅದನ್ನು ಯಂತ್ರದ ಹೆಸರಲ್ಲಿ ಹೇಳಿಬಿಟ್ಟ.

ಸಂಜೆ ಮನಸ್ಸು ಚೆನ್ನಾಗಿತ್ತೋ ಏನೋ, ಬಿಳಿ ಹತ್ತಿಯ ಕೈಗವಸು ತೊಟ್ಟು ಒಂದು ಕಾಗದ ತೆಗೆದು ತೋರಿಸಿದ. ಯಾವುದೋ ದೊಡ್ಡ ಹಡಗಿನ ಕಪ್ತಾನನದು. ಕೊನೆಯ ಸಾಲನ್ನು ನಾನೇ ಬೆರಳಿಟ್ಟು ಓದಹೋದೆ. ಬೆರಳು ತೆಗೆಯಿರಿ ಎಂದ. 'ಎಂದೆಂದಿಗೂ ತಮ್ಮ ವಿಧೇಯ ಸೇವಕ' ಎಂದಿತ್ತು.

"ಇಷ್ಟು ತೋಪು ಇಟ್ಟುಕೊಂಡವನು ಯಾರ ಮನೇಲಿ ಪಾತ್ರೆ ತೊಳೀತಿದ್ದ?" ಎಂದೆ.

"ಅಯ್ಯೋ, ಅದು ಕಾಗದ ಮುಗಿಸೋ ರೀತಿ ಅತ್ತೆ. ಎಲ್ಲರೂ ಹಾಗೇ ಬರೀತಿದ್ರು. ಎದುರಾಳಿಗೂ."

"ಕುತ್ತಿಗೆ ಕೊಯ್ಯೋಕೆ ಮುಂಚೆ ಕಾಲು ಮುಟ್ಟೋದು ಅನ್ನಿ."

ನಕ್ಕ. ಅಪರೂಪಕ್ಕೆ ನಗುತ್ತಾನೆ. ಆಮೇಲೆ ಒಂದೊಂದೇ ತೆಗೆದು ಹೇಳುತ್ತ ಹೋದ. ಇವನಿಗೆ ಜ್ವರ. ಇವನಿಗೆ ಗುಂಡು. ಇವನ ಹಡಗು ಹೊರಟದ್ದಕ್ಕೆ ದಾಖಲೆ ಇದೆ, ತಲುಪಿದ್ದಕ್ಕಿಲ್ಲ. ಚಿಕ್ಕ ವಯಸ್ಸಿನಲ್ಲಿ ಸತ್ತವರು ಬರೆದಿರುವುದು ಕಡಿಮೆ. ಕಡಿಮೆ ಇದ್ದಷ್ಟೂ ಸಹಿ ಅಪರೂಪ. ಬದುಕಿ ಬಾಳಿ ಮುದುಕನಾಗಿ ಸತ್ತವನ ಕಾಗದ ಕಂತೆಗಟ್ಟಲೆ ಸಿಗುತ್ತದಂತೆ, ಅದನ್ನು ಯಾರೂ ಕೇಳುವುದಿಲ್ಲವಂತೆ.

ಎಂಥ ವ್ಯಾಪಾರವಪ್ಪ ಇದು. ಮುಳುಗಿದವನಿಗೇ ಮರ್ಯಾದೆ.

ಆಗಸ್ಟ್ 11, ಭಾನುವಾರ

ಇವತ್ತು ಇವನಂಥವರೇ ಇನ್ನಿಬ್ಬರು ಬಂದಿದ್ದರು, ಒಬ್ಬ ಬೋಳುತಲೆ, ಒಬ್ಬ ಕೆಮ್ಮುವವನು. ನಾನು ಮಂಚದ ಮೇಲೆ ಇದ್ದೇನೆಂಬುದನ್ನು ಕುರ್ಚಿ ಇದೆ ಎನ್ನುವ ಹಾಗೆ ನೋಡಿಕೊಂಡು ಬಳಸಿ ನಡೆದರು. ಕೆಮ್ಮುವವನಿಗೆ ಅಳಿಯ ತೇವದ ಬಗ್ಗೆ ಏನೂ ಹೇಳಲಿಲ್ಲ. ಆ ಕಾನೂನು ಅತ್ತೆಗೆ ಮಾತ್ರ.

ಕೊನೆಗೆ ಒಂದು ರಟ್ಟು ಹೊರಬಂತು. ಅದರ ಮೇಲೆ ನನ್ನ ಬೆರಳಿನಷ್ಟು ಉದ್ದದ ಕಾಗದದ ಚೂರು ಅಂಟಿಸಿತ್ತು. ಚೂರಿನಲ್ಲಿ ಒಂದು ಸಹಿ, ಬೇರೇನೂ ಇಲ್ಲ. ಇಬ್ಬರೂ ಭೂತಗನ್ನಡಿ ಹಿಡಿದು ಬಗ್ಗಿದರು, ಹಸುಗೂಸಿನ ಮುಖ ನೋಡುವವರ ಹಾಗೆ. ಯಾರೋ ಕಿರಿಯ ಅಧಿಕಾರಿ. ಮುಳುಗಿದಾಗ ಇಪ್ಪತ್ತೂ ತುಂಬಿರಲಿಲ್ಲ. ಅವನ ಸಹಿ ಜಗತ್ತಿನಲ್ಲಿ ಇದೊಂದೇ.

"ಇದನ್ನ ಕೊಡಿ, ನನ್ನ ಹತ್ರ ಇರೋದೆಲ್ಲ ತಗೊಂಡು ಹೋಗಿ" ಎಂದ ಬೋಳುತಲೆ.

ನನಗೂ ತೋರಿಸಿದರು. ಸಹಿಯ ಕೊನೆಯಲ್ಲಿ ಉದ್ದ ಬಾಲ ಎಳೆದಿದ್ದಾನೆ, ಅದು ಚೂರಿನ ಅಂಚಿಗೆ ಬಂದು ಅರ್ಧಕ್ಕೆ ತುಂಡಾಗಿದೆ. ಬಾಲ ಕಳಚಿದ ಹಲ್ಲಿ.

"ಏನು ಬರೆದಿದ್ದ ಹುಡುಗ?" ಎಂದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕೆಮ್ಮುವವನು, "ಬರೆದದ್ದು ಮುಖ್ಯ ಅಲ್ಲಮ್ಮ, ಬರೆದವರು ಮುಖ್ಯ" ಎಂದ.

"ತಟ್ಟೆ ಇದ್ರೆ ಸಾಕು, ಅನ್ನ ಬೇಡ ಅಂದ ಹಾಗಾಯ್ತು."

ಮಗಳು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಗದರಿಸಿದಳು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ.

ಆಗಸ್ಟ್ 14, ಬುಧವಾರ

ನಗಬೇಕೋ ಅಳಬೇಕೋ.

ಮಂಚದ ಕೆಳಗೆ ಗೋಡೆಗೆ ಒತ್ತಿ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಮಧ್ಯಾಹ್ನ ಊರುಗೋಲಿನಿಂದ ಎಳೆದೆ. ಮೇಲೆ ಚೀಟಿ ಅಂಟಿಸಿದೆ. ಓದಿದೆ: ಸಿಹಿ ಇಲ್ಲದವು. ನನಗೆ ಸಕ್ಕರೆ ಕಾಯಿಲೆ. ಬಾಯಿ ಬಿಟ್ಟು ಕೇಳದಿದ್ದರೂ ಮಗಳು ಅರ್ಥ ಮಾಡಿಕೊಂಡು ಸಕ್ಕರೆ ಹಾಕದ ಬಿಸ್ಕತ್ತು ಕೈಗೆ ಸಿಗುವ ಹಾಗಿಟ್ಟಿದ್ದಾಳೆ ಎಂದುಕೊಂಡು ಕಣ್ಣು ಒದ್ದೆಯಾಯಿತು. (ತೇವದ ಮುಳ್ಳು ಏರಿರಬೇಕು.) ಮುಚ್ಚಳ ತೆಗೆದರೆ ಒಳಗೆ ಹಳೆಯ ಕಾಗದಗಳು. ಮತ್ತೆ ಚೀಟಿ ನೋಡಿದೆ. ಸಿಹಿ ಅಲ್ಲ, ಸಹಿ. ಸಹಿ ಇಲ್ಲದವು. ಒಂದು ಗುಡಿಸು ಹೆಚ್ಚಾಗಿ ಓದಿ ಮಗಳನ್ನು ಸುಮ್ಮನೆ ಹೊಗಳಿಬಿಟ್ಟೆ.

ಇವು ಅಳಿಯನ ಲೆಕ್ಕಕ್ಕೆ ಬಾರದ ಕಾಗದಗಳು. ಕೊನೆಯ ಹಾಳೆ ಕಳೆದುಹೋದವು, ಹೆಸರು ಅಳಿಸಿಹೋದವು. ಬಿಸಾಡಲು ಮನಸ್ಸಿಲ್ಲ, ಕಪಾಟಿಗೆ ಯೋಗ್ಯತೆ ಇಲ್ಲ. ಆಹಾ, ನನ್ನ ಬಳಗ.

ಬೇರೆ ಕೆಲಸವೇನು. ಒಂದನ್ನು ತೆಗೆದು ಅಕ್ಷರ ಅಕ್ಷರ ಕೂಡಿಸಿಕೊಂಡು ಓದಿದೆ. ಈ ಹಡಗಿನವರೆಲ್ಲ ಗಾಳಿಯಿಂದಲೇ ಶುರು ಮಾಡುತ್ತಾರೆ. ಗಾಳಿ ಪಡುವಣದಿಂದ, ಮೋಡವಿಲ್ಲ, ಆರೋಗ್ಯ. ಆಮೇಲೆ ವಿಷಯ. ಗಾಳಿ ಎತ್ತ ಕಡೆಯಿಂದ ಬಂದರೆ ಓದುವವರಿಗೇನಂತೆ.

ಇವನು ಅಕ್ಕನಿಗೆ ಬರೆದಿದ್ದಾನೆ. ಹಡಗಿನಲ್ಲಿ ಯಾರಿಗೋ ಅಂಟುಜ್ವರ ಬಂದು, ಬಂದರಿನವರು ಯಾರನ್ನೂ ಇಳಿಯಗೊಡದೆ ದೂರದಲ್ಲೇ ಲಂಗರು ಹಾಕಿಸಿದ್ದಾರೆ. ದಡ ಕಾಣುತ್ತದೆ. ದಡದಲ್ಲಿ ಒಂದು ಮನೆ, ಮನೆಯ ಮುಂದೆ ಬಟ್ಟೆ ಒಣಗಿಸುವ ಹಗ್ಗ. ದಿನಾ ಒಬ್ಬ ಹೆಂಗಸು ಬಟ್ಟೆ ಹರವುತ್ತಾಳೆ, ಅದರಲ್ಲಿ ಒಂದು ಕೆಂಪು ಬಟ್ಟೆ. ಹಡಗಿನವರೆಲ್ಲ ಬೆಳಿಗ್ಗೆ ಎದ್ದು ಅದನ್ನೇ ನೋಡುವುದು. ಈಗ ಕೆಲವು ದಿನದಿಂದ ಹಗ್ಗ ಖಾಲಿ. 'ನಮ್ಮ ಕಪ್ತಾನರೂ ಊಟ ಬಿಟ್ಟಿದ್ದಾರೆ ಅಕ್ಕ. ಆಕೆಗೆ ಏನಾಯಿತೋ. ಇವತ್ತು ಬೆಳಿಗ್ಗೆ ನಾನು ಮೇಲೆ ಹೋಗಿ ನೋಡಿದರೆ ಆ ಕೆಂಪು' ಅಂತ ಹಾಳೆಯ ಕೊನೆಯವರೆಗೆ ಬಂದು, ಅಲ್ಲಿ ಕಿಂಡಿ. ಯಾರೋ ಕತ್ತರಿಯಿಂದ ಒಂದು ಪಟ್ಟಿ ಕತ್ತರಿಸಿ ತೆಗೆದಿದ್ದಾರೆ. ಆ ಕಿಂಡಿಯೊಳಗಿಂದ ನನ್ನ ಪ್ಲಾಸ್ಟರ್ ಕಾಲು ಕಾಣಿಸಿತು.

ಕೆಂಪು ಏನಾಯಿತು? ಬಂತೋ, ಇಲ್ಲವೋ?

ಆಗಸ್ಟ್ 20, ಮಂಗಳವಾರ

ಮನೆಯಲ್ಲಿ ರಾದ್ಧಾಂತ. ಕಡ್ಡಿಗೆ ಹಡಗು ನಡೆಸುವುದನ್ನು ಕಲಿಸುವ ಶಾಲೆಯಲ್ಲಿ ಜಾಗ ಸಿಕ್ಕಿದೆ. ಯಾರಿಗೂ ಹೇಳದೆ ಪರೀಕ್ಷೆ ಬರೆದಿದ್ದಾಳೆ ಕಳ್ಳಿ. ಅವಳಿಗೆ ಇನ್ನೂ ಹದಿನೆಂಟು ಆಗಿಲ್ಲ, ಹೆತ್ತವರಿಬ್ಬರ ಸಹಿ ಬೇಕು, ಸೆಪ್ಟೆಂಬರ್ ಆರರೊಳಗೆ. ಅಳಿಯ ಆಗುವುದಿಲ್ಲ ಎಂದ. ಬಾಗಿಲು ಮುಚ್ಚಿದ್ದರೂ ಎಲ್ಲ ಕೇಳಿಸಿತು.

"ನಿಮ್ಮ ಕಪಾಟು ತುಂಬ ಹಡಗಿನವರೇ ಇದ್ದಾರೆ ಅಪ್ಪ. ನಾನು ಹೋಗ್ತೀನಿ ಅಂದ್ರೆ ಮಾತ್ರ ಯಾಕೆ ಬೇಡ?"

"ಕಪಾಟಲ್ಲಿ ಇರೋದು ಕಾಗದ."

"ಬರೆದವರು ಮನುಷ್ಯರು."

"ಅದಕ್ಕೇ ಬೇಡ ಅಂದೆ. ಮುಗೀತು."

ಇವಳು ನನ್ನ ಕೋಣೆಗೆ ಬಂದು ಮಂಚದ ತುದಿಗೆ ಕೂತಳು. "ಅಜ್ಜಿ, ನೀನಾದ್ರೂ ಹೇಳು" ಎಂದಳು. ನಾನು, "ನಿಮ್ಮಪ್ಪ ಹೇಳಿದ್ದು ಸರಿ. ಹೆಣ್ಣುಮಗು ನೀರಿನ ಮೇಲೆ ಹೋಗಿ ಯಾರನ್ನ ಉದ್ಧಾರ ಮಾಡಬೇಕು" ಎಂದೆ.

ನಿಜ ಹೇಳುತ್ತೇನೆ, ಪುಸ್ತಕಕ್ಕೆ ಸುಳ್ಳು ಹೇಳಿ ಏನು ಸಿಗುತ್ತದೆ. ಸಂಜೆ ಕೋಣೆಗೆ ಬಂದು ಬೀದಿಯ ಸುದ್ದಿ ಹೇಳುವವಳು ಅವಳೊಬ್ಬಳೇ. ಕೂಗುವ ಮೊದಲೇ ನೀರು ತರುವವಳೂ ಅವಳೇ. ಅವಳೂ ಹೋದರೆ ನನಗೆ ಉಳಿಯುವುದು ಆ ತೇವದ ಮುಳ್ಳು.

"ಸರಿ" ಎಂದು ಎದ್ದುಹೋದಳು.

ಆಗಸ್ಟ್ 21, ಬುಧವಾರ

ಬರಲಿಲ್ಲ.

ಆಗಸ್ಟ್ 23, ಶುಕ್ರವಾರ

ಬರಲಿಲ್ಲ. ನೀರಿಗೆ ಕೂಗಿದೆ. ಮಗಳು ತಂದಳು. ಡಬ್ಬಿಯ ಕಾಗದಗಳನ್ನು ಓದಿದೆ. ಒಬ್ಬ ಕಾಲುಚೀಲ ಕಳಿಸು ಎಂದು ಹೆಂಡತಿಗೆ ಬರೆದಿದ್ದಾನೆ. ಇನ್ನೊಬ್ಬನಿಗೆ ಹಲ್ಲುನೋವು. ಇಷ್ಟೇನಾ ಇವರ ಸಾಹಸ.

ಆಗಸ್ಟ್ 27, ಮಂಗಳವಾರ

ಗಾಳಿ ಇಲ್ಲ. ಸೆಕೆ.

ಕಡ್ಡಿ ಬಂದಳು. ಮಾತಾಡಲು ಬಂದವಳಲ್ಲ, ನನ್ನ ಕೊಳೆ ಬಟ್ಟೆ ಒಯ್ಯಲು. ಹೇಗಾದರೂ ನಿಲ್ಲಿಸಬೇಕಿತ್ತು. "ಒಂದು ಕಾಗದ ಓದ್ತೀನಿ, ಕೇಳಿಸಿಕೊಂಡು ಹೋಗು. ಒತ್ತಕ್ಷರ ತಪ್ಪಿದ್ರೆ ನಗಬೇಡ" ಎಂದೆ. ಕೆಂಪು ಬಟ್ಟೆಯವನದ್ದನ್ನು ಓದಿದೆ. ನಿಂತು ಕೇಳುತ್ತಿದ್ದವಳು ಕೂತಳು. ಕಿಂಡಿ ಬಂತು.

"ಮುಂದೆ?"

"ಮುಂದೆ ಇಲ್ಲ. ಯಾರೋ ಕತ್ತರಿಸಿದ್ದಾರೆ."

ಕಾಗದ ಇಸಿದುಕೊಂಡು ಮಗುಚಿ ನೋಡಿದಳು. ಹಿಂಬದಿಯಲ್ಲಿ ಮನೆಯವರ ಕ್ಷೇಮ ಕೇಳಿದ ಇನ್ನೊಂದಿಷ್ಟು ಬರಹ, ಸಹಿ ಇರಬೇಕಾದ ಜಾಗದಲ್ಲಿ ಅದೇ ಕಿಂಡಿ. ಕಿಂಡಿಯ ಬಲ ಅಂಚಿನಲ್ಲಿ ಮಸಿಯ ಒಂದು ಗೆರೆ ಸುಮ್ಮನೆ ಶುರುವಾಗಿ ಕೊಂಚ ದೂರ ಹೋಗಿ ಡೊಂಕಾಗಿ ಮುಗಿದಿತ್ತು. ಯಾವ ಅಕ್ಷರಕ್ಕೂ ಸೇರದ್ದು.

ನನಗೆ ಹೊಳೆಯಿತು. "ಇದು ಬಾಲ ಕಣೆ. ಹಲ್ಲಿಯ ಬಾಲ."

ಅವಳಿಗೆ ಬಿಡಿಸಿ ಹೇಳಿದೆ: ಆ ಭಾನುವಾರ ಬಂದವರಿಬ್ಬರೂ ಭೂತಗನ್ನಡಿ ಹಿಡಿದು ನೋಡಿದರಲ್ಲ, ರಟ್ಟಿನ ಮೇಲಿನ ಚೂರು, ಅದು ಇಲ್ಲಿಂದ ಹೋದದ್ದು. ಸಹಿ ಬೇಕೆಂದು ಯಾವನೋ ಹಿಂಬದಿಯಿಂದ ಕತ್ತರಿ ಹಾಕಿದ. ಸಹಿಯ ಬೆನ್ನಿಗೆ ಏನಿದೆ ಎಂದು ನೋಡಲಿಲ್ಲ. ಬೆನ್ನಿಗೆ ಕೆಂಪು ಬಟ್ಟೆ ಇತ್ತು.

"ಹಾಗಾದ್ರೆ ಅದು ಕಪಾಟಲ್ಲೇ ಇದೆ ಅಜ್ಜಿ" ಎಂದಳು ಕಡ್ಡಿ. "ಅಂಟಿನ ಒಳಗೆ. ಬೀಗದ ಒಳಗೆ."

ಹೋಗುವಾಗ ಕೇಳಿದಳು: "ಅವನು ದಡ ಕಾಣ್ತಾ ಇಳಿಯೋಕಾಗದೆ ಕೂತಿದ್ದ. ನಾನು ದಾರಿ ಕಾಣ್ತಾ ಹೋಗೋಕಾಗದೆ ಕೂತಿದ್ದೀನಿ. ಏನು ವ್ಯತ್ಯಾಸ?"

ಸೆಕೆ ಎಂದೆ.

ಆಗಸ್ಟ್ 30, ಶುಕ್ರವಾರ

ಗಾಳಿ ಸ್ವಲ್ಪ. ಎತ್ತಲಿಂದಲೋ ಗೊತ್ತಿಲ್ಲ.

ಪ್ಲಾಸ್ಟರ್ ತೆಗೆದರು. ಒಳಗಿಂದ ಬಂದ ಕಾಲು ನನ್ನದೆಂದು ನಂಬಲಾಗಲಿಲ್ಲ, ಒಣಗಿದ ಕೊಂಬೆ. ಊರುಗೋಲು ಹಿಡಿದು ನಡೆಯಬಹುದು. ತಂಗಿ ಫೋನ್ ಮಾಡಿ, "ಯಾವಾಗ ಬರ್ತೀ ಅಕ್ಕಾ?" ಎಂದಳು. ಆರನೆಯ ತಾರೀಖು ಕಳೆಯಲಿ ಎಂದೆ. ಯಾಕೆ ಎಂದಳು. ಸುಮ್ಮನೆ ಎಂದೆ.

ಮಗಳು ತಲೆ ಬಾಚುತ್ತಿದ್ದಳು, ಒಣ ತಲೆ. "ನೀನು ಸಹಿ ಹಾಕಿದೆಯಾ?" ಎಂದೆ.

"ಅವರು ಹಾಕಿದ್ರೆ ಕೆಳಗೆ ನಾನು ಹಾಕ್ತೀನಿ."

"ಹೆರುವಾಗಲೂ ಅವನ ಕೆಳಗೇ ಹೆತ್ತೆಯಾ?"

"ಅಮ್ಮಾ." ಬಾಚಣಿಗೆ ನಿಂತಿತು. "ನಂಗೂ ಹೆದರಿಕೆ ಆಗುತ್ತೆ. ಅವರು ಬೇಡ ಅಂತಿದ್ದಾರೆ ಅಂತ ನಾನು ಆರಾಮಾಗಿದ್ದೀನಿ. ಅವರೂ ಹೂಂ ಅಂದ್ರೆ ನಾನು ಏನು ಮಾಡ್ಲಿ?"

ಈ ಮನೆಯಲ್ಲಿ ಒಬ್ಬೊಬ್ಬರೂ ಇನ್ನೊಬ್ಬರ ಬೀಗದ ಹಿಂದೆ ಕೂತಿದ್ದೇವೆ.

ಸೆಪ್ಟೆಂಬರ್ 1, ಭಾನುವಾರ

ಗಾಳಿ ಇದೆ. ಮೂಡಣದ್ದು. ಹೇಗೆ ಗೊತ್ತಾಯಿತೆಂದರೆ, ಪರದೆ ಸರಿಸಿದೆ.

ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಊರುಗೋಲು ಹಿಡಿದು ಕಿಟಕಿಯವರೆಗೆ ಹೋದೆ. ಎರಡು ಪದರವನ್ನೂ ಎಳೆದೆ. ಕಣ್ಣಿಗೆ ಯಾರೋ ಹೊಡೆದ ಹಾಗಾಯಿತು. ಕಿಟಕಿಯ ಆಚೆ ಬೀದಿ, ಬೀದಿಯ ಆಚೆ ಒಂದು ಮನೆ, ಅದರ ಮಹಡಿಯಲ್ಲಿ ಬಟ್ಟೆ ಒಣಗಿಸುವ ತಂತಿ. ಮಗುವಿನ ಚಡ್ಡಿಗಳು, ಒಂದು ಹಾಸಿಗೆ ಹೊದಿಕೆ, ಗಾಳಿಗೆ ಪಡುವಣಕ್ಕೆ ಹಾರುತ್ತಿದ್ದವು. ಎಷ್ಟು ಹೊತ್ತು ನಿಂತೆನೋ.

"ಅತ್ತೆ, ಏನು ಮಾಡ್ತಿದ್ದೀರಿ?"

"ಬಟ್ಟೆ ನೋಡ್ತಿದ್ದೀನಿ."

ಅಳಿಯ ಓಡಿಬಂದು ಪರದೆ ಎಳೆದ. ಕೋಣೆ ಮತ್ತೆ ಕಪ್ಪಾಯಿತು. "ಹಾಳಾಗುತ್ತೆ ಅತ್ತೆ. ಎಷ್ಟು ಸಲ ಹೇಳಲಿ. ಇನ್ನೂರು ವರ್ಷ ಉಳಿದು ಬಂದಿವೆ ಇವು."

"ಉಳಿಸಿ ಏನು ಮಾಡ್ತೀರಿ? ಓದ್ತೀರಾ?"

"ಓದೋ ಅಷ್ಟು ಏನಿದೆ ಅದರಲ್ಲಿ?"

"ನಿಮ್ಮ ಬಾಲ ಕಡಿದ ಹಲ್ಲಿಯ ಹಿಂದೆ ಏನಿದೆ ಗೊತ್ತಾ? ಕೆಂಪು ಬಟ್ಟೆ ಇದೆ." ಎಂದು ಡಬ್ಬಿಯ ಕಾಗದ ತೆಗೆದು ಕಿಂಡಿ ತೋರಿಸಿದೆ. ಬರಿಗೈಯಲ್ಲಿ ಹಿಡಿದಿದ್ದೆ, ಅದಕ್ಕೂ ಏನೂ ಎನ್ನಲಿಲ್ಲ.

"ಗೊತ್ತು. ಎರಡನ್ನೂ ಒಬ್ಬನ ಹತ್ರಾನೇ ತಗೊಂಡೆ. ಕತ್ತರಿಸಿದ್ದು ನಾನಲ್ಲ."

"ಓದದೆ ಡಬ್ಬಿಗೆ ಹಾಕಿದ್ದು ನೀವು. ಅವನು ಸತ್ತದ್ದು ಗೊತ್ತು, ಯಾವಾಗ, ಎಲ್ಲಿ, ಎಷ್ಟು ಆಳದಲ್ಲಿ ಎಲ್ಲ ಗೊತ್ತು ನಿಮಗೆ. ಬದುಕಿದ್ದಾಗ ಏನು ಮಾಡ್ತಿದ್ದ ಅಂತ ಗೊತ್ತಾ? ಆ ಹುಡುಗಿಗೆ ಬೇಡ ಅಂದ್ರಲ್ಲ..."

"ಇವರಲ್ಲಿ ಎಷ್ಟು ಜನ ವಾಪಸ್ಸು ಬಂದಿದ್ದಾರೆ ಅಂತ ನಂಗೆ ಗೊತ್ತು ಅತ್ತೆ." ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಿತ್ತು. "ಚಿಕ್ಕ ವಯಸ್ಸಿನವರ ಸಹಿ ಯಾಕೆ ಅಪರೂಪ ಅಂತ ನಾನೇ ನಿಮಗೆ ಹೇಳಿದೀನಿ. ನನ್ನ ಮಗಳ ಸಹಿ ಅಪರೂಪ ಆಗೋದು ನಂಗೆ ಬೇಡ."

ಕಪಾಟಿನ ಗಾಜಿಗೆ ಬೆನ್ನು ಕೊಟ್ಟು ನಿಂತಿದ್ದ. ನನಗೆ ಅವನನ್ನು ಬೈಯಲು ಇಟ್ಟುಕೊಂಡಿದ್ದ ಮಾತುಗಳಲ್ಲಿ ಅರ್ಧ ಮರೆತುಹೋಯಿತು. ಉಳಿದದ್ದು ಒಂದೇ.

"ಇಷ್ಟು ಕಾಗದ ಇದೆಯಲ್ಲ ಇಲ್ಲಿ. ಇದರಲ್ಲಿ ನಿಮಗೆ ಅಂತ ಬರೆದದ್ದು ಯಾವುದಪ್ಪ?"

ನಾನು ಅವನನ್ನು ಅಪ್ಪ ಎಂದು ಕರೆದದ್ದು ಈವರೆಗೆ ಇಲ್ಲ. ಯಾಕೆ ಬಂತೋ.

ಬಾಗಿಲು ಎಳೆದುಕೊಂಡು ಹೋದ. ತೇವದ ಮುಳ್ಳು ನೋಡಲು ಮರೆತ.

ಸೆಪ್ಟೆಂಬರ್ 3, ಮಂಗಳವಾರ

ಗಾಳಿ ಗೊತ್ತಿಲ್ಲ, ಪರದೆ ಹಾಕಿದೆ. ಮನೆಯಲ್ಲಿ ಯಾರೂ ಯಾರ ಹತ್ತಿರವೂ ಮಾತಾಡುತ್ತಿಲ್ಲ. ಚಮಚದ ಸದ್ದು.

ಸೆಪ್ಟೆಂಬರ್ 5, ಗುರುವಾರ

ಇದನ್ನು ಕ್ರಮವಾಗಿ ಬರೆಯಬೇಕು, ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಸಂಜೆ ಕಚೇರಿಯಿಂದ ಬಂದ ಅಳಿಯ, ಬಟ್ಟೆಯನ್ನೂ ಬದಲಾಯಿಸದೆ, ಈ ಕೋಣೆಗೆ ಕುದಿಯುವ ಕೆಟಲ್ ತಂದ. ಒಂದು ಲೋಟ ನೀರಿಗೂ ಬಾಗಿಲಾಚೆ ಜಾಗ ತೋರಿಸಿದವನು. ಅದನ್ನು ಮೇಜಿನ ಮೇಲಿಟ್ಟು ಕಪಾಟಿನ ಬೀಗ ತೆಗೆದು ಆ ರಟ್ಟನ್ನು ಹೊರತೆಗೆದ.

"ಹಾಳಾದ್ರೆ?" ಎಂದೆ. ಬಾಯಿ ತಪ್ಪಿ ಬಂತು. ನನಗೇನು ಅದು ಹಾಳಾದರೆ.

"ಆದ್ರೆ ಆಗುತ್ತೆ ಅತ್ತೆ. ಅವಳನ್ನೂ ಕರೀರಿ."

ಕೂಗಿದೆ. ಕಡ್ಡಿಯೂ ಮಗಳೂ ಬಂದು ಬಾಗಿಲಲ್ಲಿ ನಿಂತರು. ಅಳಿಯ ರಟ್ಟನ್ನು ಹಬೆಯ ಮೇಲೆ, ಹತ್ತಿರಕ್ಕೂ ಅಲ್ಲ ದೂರಕ್ಕೂ ಅಲ್ಲ, ಹಿಡಿದುಕೊಂಡ. ತೂಕದ ಮನುಷ್ಯ, ಅಳತೆ ಕೈಯಲ್ಲೇ ಇದೆ. ಗೋಡೆಯ ಮುಳ್ಳು ಏರಿತು, ಇನ್ನೂ ಏರಿತು, ಕೊನೆಗೆ ಹೋಗಿ ಗೂಟಕ್ಕೆ ತಗುಲಿ ನಡುಗಿತು. ಅವನು ಅದರ ಕಡೆ ತಿರುಗಲಿಲ್ಲ. ಅಂಟು ಮೆತ್ತಗಾದ ಮೇಲೆ ಬ್ಲೇಡಿನ ಬೆನ್ನಿನಿಂದ ಕೂದಲಷ್ಟು ಕೂದಲಷ್ಟು ಎತ್ತಿದ. ಚೂರು ಬಿಟ್ಟುಕೊಂಡಿತು. ಸಹಿಯ ಮಸಿ ಒಂದು ಕಡೆ ಕದಡಿ ಮಬ್ಬಾಯಿತು, ನಾನು ಕಂಡೆ. ಬೋಳುತಲೆ ಕಂಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಅದನ್ನು ಮಗುಚಿ ದೀಪದ ಹತ್ತಿರ ಹಿಡಿದ. ದೀಪದ ಮುಖವನ್ನೂ ಅವನೇ ತಿರುಗಿಸಿದ. ಒಂದಷ್ಟು ಅಕ್ಷರಗಳನ್ನು ಅಂಟು ತಿಂದಿತ್ತು.

"ಓದಿ" ಎಂದೆ.

"'...ಟ್ಟೆ ಬಂದಿದೆ ಅಕ್ಕ. ನಮ್ಮವರೆಲ್ಲ ಟೋಪಿ ತೆಗೆದು ಹಾರಿಸಿದರು, ಆಕೆ ಹೆದರಿ ಒಳಗೆ ಓಡಿದಳು. ನಾನು ನಗುತ್ತಲೇ...' ಅಷ್ಟೇ ಇರೋದು."

ಇನ್ನೊಂದು ಸಲ ಓದಿದ, ಗಟ್ಟಿಯಾಗಿ ಅಲ್ಲ.

"ಮುಳುಗಿದವನು ಅಂತಷ್ಟೇ ಅಂದುಕೊಂಡಿದ್ದೆ" ಎಂದ. ಯಾರಿಗೆ ಹೇಳಿದನೋ. ಆಮೇಲೆ ಚೂರನ್ನು ಒತ್ತುಕಾಗದದ ಮೇಲಿಟ್ಟು, ಕಡ್ಡಿಯ ಕಡೆ ನೋಡದೆ, "ಎಲ್ಲಿ ಹಾಕಬೇಕು ತಾ" ಎಂದ.

ಅವಳು ಮಹಡಿಗೆ ಓಡಿದ ಸದ್ದು ನನ್ನ ತಲೆಯ ಮೇಲೆಯೇ ಹೋಯಿತು. ಕಾಗದ ಬಂತು. ಈಗ ಪೆನ್ನು ಇಲ್ಲ. ಈ ಕೋಣೆಯಲ್ಲಿ ಎಲ್ಲಿಂದ ಬರಬೇಕು ಪೆನ್ನು. ನಾನು ನನ್ನ ಪೆನ್ಸಿಲ್ ಚಾಚಿದೆ. "ಇದು ನಡೆಯಲ್ಲ ಅತ್ತೆ" ಎಂದು ತನ್ನ ಜೇಬಿಗೆ ಕೈಹಾಕಿದ. ಪೆನ್ನು ಅಲ್ಲೇ ಇತ್ತು, ಕಚೇರಿಯದು. ತನ್ನ ಕಾನೂನನ್ನು ತಾನೇ ಜೇಬಿನಲ್ಲಿ ಮುರಿದುಕೊಂಡು ಒಳಬಂದಿದ್ದ. ಮುಚ್ಚಳ ತೆಗೆದು ಹಾಕಿದ. ಅವನ ಸಹಿ ನಾನು ನೋಡಿದ್ದು ಇದೇ ಮೊದಲು. ಬಾಲವಿಲ್ಲ, ಸೊಗಸಿಲ್ಲ, ತಕ್ಕಡಿಗೆ ಒತ್ತುವ ಮುದ್ರೆಯ ಹಾಗೆ ಚೌಕ.

"ಕೆಳಗೆ ನೀನು" ಎಂದು ಹೆಂಡತಿಗೆ ಪೆನ್ನು ಕೊಟ್ಟ.

ಮಗಳು ಕಾಗದವನ್ನು ನನ್ನ ಮಂಚದ ಮೇಲಿಟ್ಟುಕೊಂಡು ಬಗ್ಗಿದಳು. ಕೆಳಗೆ ಹಾಕಲಿಲ್ಲ. ಅವನದರ ಪಕ್ಕದಲ್ಲಿ, ಅದೇ ಸಾಲಿನಲ್ಲಿ, ಇದ್ದ ಇಕ್ಕಟ್ಟಿನಲ್ಲೇ ಹಾಕಿದಳು.

ಕಡ್ಡಿ ಅಪ್ಪನನ್ನು ತಬ್ಬಿಕೊಳ್ಳುತ್ತಾಳೆಂದುಕೊಂಡೆ. ಬಂದು ನನ್ನ ಒಣ ಕಾಲನ್ನು ತಬ್ಬಿಕೊಂಡಳು, ಹುಚ್ಚು ಮುಂಡೇದು. "ನೋಯುತ್ತೆ ಬಿಡೆ" ಎಂದೆ.

ಸೆಪ್ಟೆಂಬರ್ 14, ಶನಿವಾರ

ಗಾಳಿ ಪಡುವಣದಿಂದ. ಮೋಡವಿದೆ. ಹೊರಟಳು.

ಸೆಪ್ಟೆಂಬರ್ 15, ಭಾನುವಾರ

ಗಾಳಿ ಇಲ್ಲ.

ಅಕ್ಟೋಬರ್ 2, ಬುಧವಾರ

ಗಾಳಿ ಬಡಗಣದ್ದು. ಚಳಿ ಶುರು.

ತಂಗಿ ಫೋನ್ ಮಾಡಿ ಬೈದಳು. ಕಾಲು ಸರಿಹೋಗಿ ಎಷ್ಟು ದಿನವಾಯಿತು, ಅಳಿಯನ ಮನೆಯಲ್ಲಿ ಬೇರು ಬಿಟ್ಟೆಯಾ ಎಂದಳು. ಟಪಾಲು ಬರುವುದಿದೆ ಎಂದೆ. ಕಡ್ಡಿಗೆ ಅಲ್ಲಿ ಫೋನ್ ಕೊಡುವುದಿಲ್ಲ, ಕಾಗದ ಬರೆಯಬೇಕಂತೆ. ಬಂದರೆ ಈ ವಿಳಾಸಕ್ಕೇ ಬರಬೇಕಲ್ಲ. ಬಂದ ಮೇಲೆ ಹೊರಟರಾಯಿತು.

ಮಹಡಿಯಲ್ಲಿ ಅವಳ ಕೋಣೆ ಖಾಲಿ ಇದೆ, ಕಿಟಕಿಯೂ ತೆರೆಯುತ್ತದೆ, ಅಲ್ಲಿಗೆ ಹೋಗು ಎಂದು ಮಗಳು ಹೇಳಿದಳು. ಮೆಟ್ಟಿಲು ಯಾರು ಹತ್ತುತ್ತಾರೆ. ಅದೂ ಅಲ್ಲದೆ ಈ ಡಬ್ಬಿಯಲ್ಲಿ ಇನ್ನೂ ಓದದವು ಇವೆ. ಸಂಜೆ ಅಳಿಯ ಬಂದು ಕೂರುತ್ತಾನೆ, ನಾನು ಓದುತ್ತೇನೆ. ಹಲ್ಲುನೋವಿನವನಿಗೆ ಕಡೆಗೆ ಹಲ್ಲು ಕೀಳಿಸಿದರು. ಅಳಿಯನಿಗೆ ಸಮಾಧಾನವಾಯಿತು.

ಇವತ್ತು ಮಗಳು ಮರೆತು ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. "ಕಾಗದ ಇದೆ, ಕಣ್ಣು ಕಾಣಲ್ವಾ" ಎಂದು ಗದರಿಸಿದೆ.

ನವೆಂಬರ್ 9, ಶನಿವಾರ

ಗಾಳಿ ಮೂಡಣದಿಂದ, ಜೋರು. ಮೋಡವಿಲ್ಲ. ಆರೋಗ್ಯ.

ಕಾಗದ ಬಂತು. ಲಕೋಟೆಯ ಮೇಲೆ ಅಳಿಯನ ಹೆಸರು. ಅವನು ಬಾಗಿಲಲ್ಲೇ ನಿಂತು ಒಡೆದ. ನಾನು ಗಮನಿಸುತ್ತಿದ್ದೆ, ಅಭ್ಯಾಸಬಲದಿಂದ ಮೊದಲು ಕೊನೆಗೆ ಹೋಗುತ್ತಾನೆಂದು. ಹೋಗಲಿಲ್ಲ. ಮೊದಲಿನಿಂದ ಓದಿದ. ಕೋಣೆಗೆ ಬಂದು ಮತ್ತೆ ನನಗಾಗಿ ಓದಿದ.

ಅವಳ ಶಾಲೆಯ ಹಡಗಿಗೆ ಬಂದರಿನಲ್ಲಿ ಜಾಗ ಸಿಗದೆ ದೂರದಲ್ಲೇ ಲಂಗರು ಹಾಕಿ ನಿಂತಿದ್ದಾರಂತೆ. ದಡ ಕಾಣುತ್ತದಂತೆ. ಮೊದಲ ವಾರ ವಾಂತಿಯೋ ವಾಂತಿ, 'ಅಪ್ಪನ ಮಗಳಲ್ಲವೇ' ಎಂದು ಬರೆದಿದ್ದಾಳೆ. ಈ ಸಾಲನ್ನು ಅಳಿಯ ಎರಡು ಸಲ ಓದಿದ. ಆಮೇಲೆ, ಅಜ್ಜಿಗೆ ಹೇಳಿ, ದಿನಾ ಬೆಳಿಗ್ಗೆ ದಡದ ಮನೆಗಳನ್ನೆಲ್ಲ ನೋಡುತ್ತಿದ್ದೇನೆ, ಬಟ್ಟೆ ಒಣಹಾಕುವವರು ಒಬ್ಬರೂ ಕಾಣುವುದಿಲ್ಲ, ಇಲ್ಲಿಯವರು ಬಟ್ಟೆ ಒಗೆಯುವುದೇ ಇಲ್ಲವೋ ಏನೋ. ಕೊನೆಯಲ್ಲಿ, 'ಎಂದೆಂದಿಗೂ ತಮ್ಮ ವಿಧೇಯ ಸೇವಕಿ.' ಅದರ ಕೆಳಗೆ ಖಾಲಿ.

ಅಳಿಯ ಹಾಳೆಯನ್ನು ಮಗುಚಿ ನೋಡಿದ. ಹಿಂದೆಯೂ ಇಲ್ಲ.

"ಸಹಿ ಹಾಕೋದು ಮರೆತಿದ್ದಾಳೆ ಅತ್ತೆ."

"ಹಾಗಾದ್ರೆ ಡಬ್ಬಿಗೆ ಹಾಕಿ" ಎಂದು ಬಿಸ್ಕತ್ತಿನ ಡಬ್ಬಿಯನ್ನು ಊರುಗೋಲಿನಿಂದ ಅವನ ಕಡೆ ತಳ್ಳಿದೆ.

ಡಬ್ಬಿಯನ್ನು ನೋಡಿದ, ಕಪಾಟನ್ನು ನೋಡಿದ. ಕಾಗದವನ್ನು ನಾಲ್ಕು ಮಡಿಕೆ ಮಡಿಚಿ ಅಂಗಿಯ ಜೇಬಿಗಿಟ್ಟುಕೊಂಡ. ಮಡಿಚಿದರೆ ಮಡಿಕೆಯಲ್ಲಿ ಹರಿಯುತ್ತದೆ, ಬೆವರು ತಗುಲಿದರೆ ಮಸಿ ಕದಡುತ್ತದೆ. ನನಗೆ ಹೇಳಿಕೊಟ್ಟವನೇ ಅವನು. ಹೇಳಿದೆ.

"ಇರಲಿ ಅತ್ತೆ, ಇನ್ನೂ ಬರೀತಾಳೆ" ಎಂದು ಕಚೇರಿಗೆ ಹೋದ.

ಪರದೆಯನ್ನು ಒಂದು ಗೇಣು ಸರಿಸಿದ್ದೇನೆ, ಕಪಾಟಿಗೆ ಬೆಳಕು ಬೀಳದ ಹಾಗೆ ನೋಡಿಕೊಂಡು. ಕಿಟಕಿಯನ್ನೂ ಅಷ್ಟೇ ತೆರೆದಿದ್ದೇನೆ. ನನ್ನ ಕೆಂಪು ಶಾಲು ಒಗೆದು ಕಿಟಕಿಯ ಆಚೆಯ ಮೊಳೆಗೆ ಹಾಕಿದೆ. ಒಣಗಲಿ ಎಂದು, ಮತ್ತೇನಕ್ಕೂ ಅಲ್ಲ; ಇಲ್ಲಿಂದ ಸಮುದ್ರ ಎಷ್ಟು ದೂರವೆಂದು ನನಗೆ ಗೊತ್ತಿಲ್ಲವೇ. ಮಧ್ಯಾಹ್ನಕ್ಕೇ ಒಣಗಿತು. ಇನ್ನೂ ತೆಗೆದಿಲ್ಲ.